ಪಂಚಾಂಗ ಬೇರೆ

ಕರಾರು ಪತ್ರದ ಮೂರನೇ ಸಾಲಿನಲ್ಲಿ ಹಾಗೆಂದು ಬರೆದಿತ್ತು. 'ಪಂಚಾಂಗ ಬೇರೆ.' ನಾನು ಓದಿದೆ, ತಲೆ ಆಡಿಸಿದೆ, ಸಹಿ ಹಾಕಿದೆ. ಪಂಚಾಂಗ ಅಂದರೆ ತಿಥಿ, ನಕ್ಷತ್ರ ನೋಡುವ ಪುಸ್ತಕ ಅಲ್ವಾ? ಮುಹೂರ್ತ, ಭಟ್ಟರ ದಕ್ಷಿಣೆ, ಹೂವು ಹಣ್ಣು ಎಲ್ಲ ಮನೆಯವರದ್ದೇ ಖರ್ಚು ಅಂತ ಕಂಟ್ರಾಕ್ಟರು ಮೊದಲೇ ಬರೆದುಕೊಂಡಿದ್ದಾರೆ ಅಂದುಕೊಂಡೆ. ಎಷ್ಟು ಅಚ್ಚುಕಟ್ಟಿನ ಮನುಷ್ಯ ಅಂತಲೂ ಅನ್ನಿಸಿತು.

ಎರಡು ತಿಂಗಳ ಮೇಲೆ ಬಿಲ್ಲು ಬಂತು. ಪಂಚಾಂಗಕ್ಕೆ 2 ಲಕ್ಷದ 80 ಸಾವಿರ.

ನಾನು ದಾವಣಗೆರೆ ಕಡೆಯವನು. ಕೆಲಸ ಉಡುಪಿಯಲ್ಲಿ, ಹೆಂಡತಿ ಪರ್ಕಳದವಳು. ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿದ್ದು, ಮಾವನ ಜಾಗದ ಪಕ್ಕದಲ್ಲೇ 8 ಸೆಂಟ್ಸ್ ತೆಗೆದುಕೊಂಡೆವು. ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದರೆ, "ಸೆಂಟಾ? ಗುಂಟೆ ಲೆಕ್ಕದಲ್ಲಿ ಹೇಳೋ" ಅಂದರು. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ. ನೂರು ಸೆಂಟ್ಸಿಗೆ ಒಂದು ಎಕರೆ. ಇಷ್ಟು ಲೆಕ್ಕ ಮಾಡಿ ಹೇಳಿದ ಮೇಲೆ, "ಎಷ್ಟು ಚದರದ ಮನೆ ಕಟ್ತೀಯ?" ಅಂತ ಕೇಳಿದರು. ಅವರ ಚದರ ಅಂದರೆ ನೂರು ಚದರ ಅಡಿ. ಇಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ನೇರ ಸ್ಕ್ವೇರ್ ಫೀಟು. ಮನೆ ಕಟ್ಟುವುದಕ್ಕೆ ಮೊದಲೇ ನಾನು ದುಭಾಷಿ ಆಗಿದ್ದೆ.

ಬಿಲ್ಲನ್ನು ಮಾವನ ಮುಂದೆ ಹಿಡಿದೆ. "ಭಟ್ಟರು ಇಷ್ಟೊಂದು ತಗೊಳ್ತಾರಾ?" ಅಂತ ಕೇಳಿಯೂಬಿಟ್ಟೆ. ಮಾವ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ನಗಬೇಕೋ ಬೇಡವೋ ಎಂದು ಅವರಿಗೆ ಗೊತ್ತಾಗಲಿಲ್ಲ. ಅಳಿಯ ಅಲ್ವಾ.

"ಪಂಚಾಂಗ ಅಂದ್ರೆ ತಳಪಾಯ ಮಾರಾಯ್ರೆ. ನೆಲ ಅಗೆದಲ್ಲಿಂದ ಗೋಡೆ ಸುರು ಆಗುವಲ್ಲಿವರೆಗೆ. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ನಮ್ಮ ಕಡೆ ಬುನಾದಿ ಅಂತೇವೆ, ಪಾಯ ಅಂತೇವೆ. ಪಂಚಾಂಗ ಗೋಡೆಯ ಮೊಳೆಗೆ ನೇತು ಹಾಕುವ ವಸ್ತು. ಇಲ್ಲಿ ಗೋಡೆಯೇ ಪಂಚಾಂಗದ ಮೇಲೆ ನಿಲ್ಲುತ್ತದೆ.

ಮಾವ ಟೇಪು ತಂದರು. ಇಬ್ಬರೂ ಅಳೆದೆವು. ಕಂಟ್ರಾಕ್ಟರು ಮೋಸ ಮಾಡಿರಲಿಲ್ಲ, ಲೆಕ್ಕ ಸರಿಯಾಗಿಯೇ ಇತ್ತು. ನನ್ನ ಜಾಗ ಇಳಿಜಾರು. ರಸ್ತೆ ಕಡೆ ಪಂಚಾಂಗ ಎರಡಡಿ ಎದ್ದರೆ, ಹಿಂದಿನ ತೋಡಿನ ಕಡೆ, ಅಂದರೆ ಸಣ್ಣ ಹಳ್ಳದ ಕಡೆ, ಆರಡಿ. ಮನೆಯ ನೆಲ ಮಟ್ಟಸವಾಗಿ ಬರಬೇಕಾದರೆ ತಗ್ಗಿನ ಕಡೆ ಅಷ್ಟು ಎತ್ತರಕ್ಕೆ ಕಲ್ಲು ಕಟ್ಟಲೇಬೇಕು. ಆಮೇಲೆ ಒಳಗೆ ಮಣ್ಣು ತುಂಬಿಸಿ, ನೀರು ಬಿಟ್ಟು, ಗುದ್ದಿ ಕೂರಿಸಬೇಕು. ಸ್ಕ್ವೇರ್ ಫೀಟಿನ ರೇಟು ಗೋಡೆ ಏಳುವಲ್ಲಿಂದ ಮೇಲಿನದ್ದು. ಕೆಳಗಿನದ್ದು ಜಾಗ ಹೇಗಿದೆಯೋ ಹಾಗೆ, ಅಳತೆ ಮಾಡಿ ಬೇರೆ. ಕರಾವಳಿಯ ಗುಡ್ಡೆ ಜಾಗದಲ್ಲಿ ಇದಕ್ಕಿಂತ ನ್ಯಾಯದ ಲೆಕ್ಕ ಇನ್ನೊಂದಿಲ್ಲ ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ಎರಡು ಕೆಲಸ ಮಾಡಿದೆ. ಒಂದು, ಕರಾರು ಬದಲಾಯಿಸಿದೆ: ಇನ್ನು ಮುಂದೆ ಸಾಮಾನು ನನ್ನದು, ಕೂಲಿ ಮಾತ್ರ ಅವರದ್ದು. ಇನ್ನೊಂದು, ನೂರು ಪುಟದ ಒಂದು ಪುಸ್ತಕ ತಂದೆ. ತಿಳಿಯದ ಮಾತು ಕಿವಿಗೆ ಬಿದ್ದ ಕೂಡಲೇ ಅದರಲ್ಲಿ ಬರೆಯುವುದು, ಸಂಜೆ ಮೇಸ್ತ್ರಿಯನ್ನು ಕೇಳುವುದು. ಮೇಸ್ತ್ರಿಗೆ ಅರವತ್ತರ ಹತ್ತಿರ. ಮೊದಮೊದಲು ಬೇಜಾರು ಮಾಡಿಕೊಂಡರು. ಆಮೇಲೆ ಅವರೇ, "ಇವತ್ತು ಎಂಥ ಬರೆದಿದ್ದೀರಿ, ಕೊಡಿ ಕಾಣುವ" ಅನ್ನತೊಡಗಿದರು.

ಪುಸ್ತಕದ ಮೊದಲ ಪುಟದಲ್ಲಿ ಪಂಚಾಂಗ. ಎರಡನೆಯದು ಕೆಸರುಕಲ್ಲು. ಅದು ಆಗಲೇ ಮುಗಿದುಹೋದ ಕಾರ್ಯಕ್ರಮ. ಮನೆಗೆ ಮೊದಲ ಕಲ್ಲು ಇಡುವ ಮುಹೂರ್ತಕ್ಕೆ ಇಲ್ಲಿ ಆ ಹೆಸರು. ಜನವರಿಯ ಬಿಸಿಲಿನಲ್ಲಿ ಕೆಸರು ಎಲ್ಲಿ ಅಂತ ನಾನು ಆ ದಿನ ಸುಮ್ಮನೆ ಹುಡುಕಿದ್ದೆ.

ಗೋಡೆಗೆ ಕೆಂಪು ಕಲ್ಲು. ಮುರಕಲ್ಲು ಅಂತಲೂ ಹೇಳುತ್ತಾರೆ. ನಾನು ಇಟ್ಟಿಗೆಯ ಊರಿನವನು, ಕಲ್ಲನ್ನು ಇಟ್ಟಿಗೆ ಹಾಗೆ ಲೋಡುಗಟ್ಟಲೆ ತಂದು ಸುರಿಯುವುದನ್ನು ನೋಡಿ ಬೆರಗಾದೆ. ತಮಾಷೆ ಅಂದರೆ, ಇದರ ಇಂಗ್ಲಿಷ್ ಹೆಸರು ಲ್ಯಾಟರೈಟ್ ಕೂಡ ಇಟ್ಟಿಗೆಯಿಂದಲೇ ಬಂದದ್ದು. ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರು ಮಲಬಾರ್, ಕೆನರಾ ಎಲ್ಲ ತಿರುಗಿ 1807ರಲ್ಲಿ ಬರೆದ ಪುಸ್ತಕದಲ್ಲಿ, ಇಟ್ಟಿಗೆಗೆ ಇರುವ ಲ್ಯಾಟಿನ್ ಪದ ಹಿಡಿದು ಆ ಹೆಸರಿಟ್ಟ. ಭೂಮಿಯೊಳಗೆ ಮೆತ್ತಗಿರುವ ಕಲ್ಲು ಕಡಿದು ಹೊರಗಿಟ್ಟ ಮೇಲೆ ಗಾಳಿಗೆ ಗಟ್ಟಿಯಾಗುವುದು ಅವನ ಕಣ್ಣಿಗೂ ಬಿದ್ದಿತ್ತು.

ಮೇಸ್ತ್ರಿಗೆ ಬುಕಾನನ್ ಬೇಡ. ಲಾರಿಯಿಂದ ಇಳಿದ ಕಲ್ಲನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿದರು. ಬಿಳಿ, ಹಳದಿ ಮಣ್ಣಿನ ಕಣ್ಣು ಜಾಸ್ತಿ ಇದ್ದದ್ದನ್ನು ಒಂದು ಬದಿಗೆ ಎಸೆದರು. ಅಂಥ ಕಡೆ ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಒಳ್ಳೆ ಕಲ್ಲಿಗೆ ಕರಣೆಯ ಹಿಡಿಯಿಂದ ಕುಟ್ಟಿದರೆ ಟಣ್ ಅನ್ನುತ್ತಿತ್ತು, ಕೆಟ್ಟದ್ದು ದಬ್ ಅನ್ನುತ್ತಿತ್ತು. "ಇದನ್ನು ಕಾಂಪೌಂಡಿಗೆ ಇಡುವ. ಮನೆಗೆ ಬೇಡ." ಕೋರೆಯಲ್ಲಿ ಈಗ ಮಿಷನ್ನಿನಲ್ಲಿ ಕೊಯ್ದು ಕೊಡುತ್ತಾರೆ, ಆದರೂ ಮೂಲೆಗೆ ಕೂರಿಸುವ ಕಲ್ಲನ್ನು ಅವರು ಅಗಲ ಬಾಯಿಯ ಕೊಡಲಿಯಲ್ಲಿ ಮತ್ತೆ ಕೆತ್ತುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ರೆಪ್ಪೆಕೂದಲೂ ಕೆಂಪು.

ಕಟ್ಟುವ ಮೊದಲು ಕಲ್ಲಿಗೆ ನೀರು ಹೊಡೆಯಬೇಕು. ಇಲ್ಲದಿದ್ದರೆ ಅದು ಸಿಮೆಂಟಿನ ನೀರನ್ನೆಲ್ಲ ಹೀರಿಬಿಡುತ್ತದೆ, ಸಿಮೆಂಟು ಹಿಡಿಯುವುದಿಲ್ಲ. ಕೆಳಗಿನ ಸಾಲಿನ ಸಂದು ಮೇಲಿನ ಸಾಲಿನ ಸಂದಿಗೆ ನೇರ ಬರಬಾರದು. ಬಂದರೆ ಬಿರುಕು ಅದೇ ದಾರಿಯಲ್ಲಿ ಮೇಲಿನವರೆಗೂ ಹತ್ತಿ ಹೋಗುತ್ತದೆ. ಇದನ್ನು ಹೇಳಿಕೊಟ್ಟ ಮೇಲೆ ನಾನು ದಿನಾ ಸಂದು ಎಣಿಸಲು ಶುರು ಮಾಡಿದೆ. ಮೇಸ್ತ್ರಿಗೆ ಹೇಳಿಕೊಟ್ಟದ್ದೇ ತಪ್ಪಾಯಿತು ಅನ್ನಿಸಿರಬೇಕು.

ಗಾರೆ ಕಲಸುವಲ್ಲಿ ಮೂರು ಭಾಷೆ ನಡೆಯುತ್ತಿತ್ತು. ಬಾಗಲಕೋಟೆಯಿಂದ ಬಂದ ಹುಡುಗರು "ಮಾಲ್ ತಗೊಂಬಾರೊ" ಅನ್ನುತ್ತಿದ್ದರು. ಒಡಿಶಾದವರಿಗೆ ಅದೇ ವಸ್ತು ಮಸಾಲಾ. ಮೇಸ್ತ್ರಿಗೆ ಬರೀ 'ಸಿಮೆಂಟು'. ಹೊಯ್ಗೆಯ ಕತೆಯೂ ಹಾಗೇ. ಮಂಗಳೂರಿನಲ್ಲಿ ಹೊಯ್ಗೆ ಬಜಾರ್ ಎಂಬ ಜಾಗ ಇದೆ ಎಂದು ಗೊತ್ತಿತ್ತು. ಹೊಯ್ಗೆ ಅಂದರೆ ಮರಳು ಎಂದು ಗೊತ್ತಾದದ್ದು ಅದನ್ನು ದುಡ್ಡು ಕೊಟ್ಟು ತಂದಾಗ. ಅದು ಸಿಗುವುದು ಯೂನಿಟ್ ಲೆಕ್ಕದಲ್ಲಿ, ಒಂದು ಯೂನಿಟ್ಟಿಗೆ 100 ಘನ ಅಡಿ. ಲಾರಿಯ ಡಬ್ಬಿಯನ್ನು ಉದ್ದ, ಅಗಲ, ಎತ್ತರ ಅಳೆದು ಗುಣಿಸಿ ನೋಡಿದ ಮೊದಲ ದಿನ ಡ್ರೈವರು ನನ್ನನ್ನು ನೋಡಿದ ರೀತಿ ಮರೆಯುವ ಹಾಗಿಲ್ಲ. ಆದರೆ ಎರಡನೇ ಲೋಡಿನಿಂದ ಮರಳು ಅಂಚಿನವರೆಗೂ ತುಂಬಿ ಬಂತು.

'ಒಂದಕ್ಕೆ ಆರು' ಎಂದು ಕೂಗಿದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ಗೋಡೆಗೆ. 'ಒಂದಕ್ಕೆ ನಾಲ್ಕು' ಹೊರಗಿನ ಸಾರಣೆಗೆ. ಸಾರಣೆ ಅಂದರೆ ಪ್ಲಾಸ್ಟರಿಂಗು. ನಮ್ಮ ಕಡೆ ಸಗಣಿ ಸಾರಿಸುತ್ತೇವಲ್ಲ, ಅದೇ ಮಾತು ಇಲ್ಲಿ ಸಿಮೆಂಟಿಗೂ ನಡೆಯುತ್ತದೆ.

ಉಪಕರಣಗಳ ಹೆಸರು ನನಗೆ ಎಲ್ಲಕ್ಕಿಂತ ಇಷ್ಟ. ಗೋಡೆ ನೆಟ್ಟಗಿದೆಯಾ ನೋಡಲು ತೂಗುಗುಂಡು. ಎರಡು ಗೋಡೆ ಸೇರುವಲ್ಲಿ ಮೂಲೆಮಟ್ಟ. ಅಡ್ಡ ಮಟ್ಟ ನೋಡಲು ರಸಮಟ್ಟ, ಗಾಜಿನ ಕೊಳವೆಯ ರಸದಲ್ಲಿ ಗಾಳಿಗುಳ್ಳೆ ನಡುವಿಗೆ ಬರಬೇಕು. ಇಂಗ್ಲಿಷಿನ ಸ್ಪಿರಿಟ್ ಲೆವೆಲ್ಲಿಗಿಂತ ರಸಮಟ್ಟ ಎಷ್ಟೋ ಚಂದ. ಕೋಣೆಯ ಮೂಲೆ ಸರಿ ಇದೆಯಾ ಎಂದು ನೋಡುವ ಉಪಾಯ ಅದಕ್ಕಿಂತ ಸುಲಭ: ಒಂದು ಬದಿಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಮಾಡಿ. ಓರೆಯಲ್ಲಿ 5 ಅಡಿ ಬಂದರೆ ಮೂಲೆ ಸರಿ. ಏಳನೇ ಕ್ಲಾಸಿನಲ್ಲಿ ಕಲಿತ ಗಣಿತ ನಲವತ್ತನೇ ವಯಸ್ಸಿನಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

ದಾರಂದ ಇಡುವ ದಿನ ಮತ್ತೆ ಪೂಜೆ. ದಾರಂದ ಅಂದರೆ ಬಾಗಿಲಿನ ಚೌಕಟ್ಟು. ದ್ವಾರಬಂಧ ಬಾಯಿಂದ ಬಾಯಿಗೆ ಸವೆದು ಹೀಗಾಗಿರಬೇಕು ಅಂತ ನನ್ನ ಊಹೆ. ಈ ಹೊತ್ತಿಗೆ ನನಗೂ ಸ್ವಲ್ಪ ಧೈರ್ಯ ಬಂದಿತ್ತು, ಎಲ್ಲ ಗೊತ್ತಾಯಿತು ಅನ್ನಿಸುತ್ತಿತ್ತು. ಆಗಲೇ ಪಕ್ಕಾಸಿನ ಪ್ರಸಂಗ ನಡೆದದ್ದು.

ಮನೆಯ ಎದುರಿನ ಜಗಲಿಗೆ ಮಾತ್ರ ಹಂಚಿನ ಮಾಡು ಇರಲಿ ಎಂದು ಹೆಂಡತಿಯ ಆಸೆ. ಮಾಡು ಎಂದರೆ ಇಳಿಜಾರಿನ ಸೂರು. ಮರದ ಕೆಲಸದ ಆಚಾರಿ ಫೋನ್ ಮಾಡಿ, "ಸರ್, ನಾಳೆಗೆ ಪಕ್ಕಾಸು ಬೇಕು, ಹದಿನಾಲ್ಕು" ಅಂದರು. ಹದಿನಾಲ್ಕು ಯಾಕೆ ಎಂದು ಒಂದು ಕ್ಷಣ ಅನುಮಾನ ಬಂದದ್ದು ನಿಜ. ಆದರೂ ಬ್ಯಾಂಕಿನಿಂದ ಬರುವಾಗ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಎರಡು ಪಿಕಾಸಿ ತಂದೆ, ಉಳಿದದ್ದು ಅಕ್ಕಪಕ್ಕದಲ್ಲಿ ಕೇಳುವ ಅಂತ. ಆಚಾರಿ ಪಿಕಾಸಿಯನ್ನೂ ನನ್ನನ್ನೂ ನೋಡಿದರು. "ಇದರಲ್ಲಿ ಮಾಡು ಮಾಡುದು ಹೇಗೆ ಸರ್?" ನೆತ್ತಿಯ ಮರದಿಂದ ಗೋಡೆಗೆ ಇಳಿಯುವ ಓರೆ ಮರಗಳು ಪಕ್ಕಾಸು. ಅದರ ಮೇಲೆ ಅಡ್ಡ ಹೊಡೆಯುವ ಸಪೂರ ಪಟ್ಟಿ ರೀಪು. ರೀಪಿಗೆ ಹಂಚು ಕೊಕ್ಕೆ ಹಾಕಿ ಕೂರುತ್ತದೆ. ಆ ಎರಡು ಪಿಕಾಸಿ ಈಗಲೂ ಮಾವನ ಕೊಟ್ಟಿಗೆಯಲ್ಲಿವೆ.

ಹಂಚು ಹಳೆಯದ್ದು, ಮಾವನ ತರವಾಡು ಮನೆ, ಅಂದರೆ ಕುಟುಂಬದ ಮೂಲ ಮನೆ, ಬಿಚ್ಚಿದಾಗ ಎತ್ತಿಟ್ಟದ್ದು. ತೊಳೆದು ತಿರುಗಿಸಿದರೆ ಬೆನ್ನಿನಲ್ಲಿ ಕಾರ್ಖಾನೆಯ ಅಚ್ಚು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ ದಂಡೆಯಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು. ನದಿಯ ಜೇಡಿ ಮಣ್ಣು ಇಲ್ಲೇ, ಹಡಗು ಇಲ್ಲೇ. ಊರಿಂದ ಬಂದ ಅಮ್ಮನಿಗೆ ಮಾತ್ರ ಹಂಚು ಎಂದರೆ ರೊಟ್ಟಿ ಬೇಯಿಸುವ ಹಂಚು. ಇಲ್ಲಿಯವರಿಗೆ ಅದು ಕಾವಲಿ. "ಹಂಚು ತಲೆ ಮೇಲೆ ಹಾಕ್ಕೊಂಡು ಕೂತಾರಲ್ಲೋ" ಅಂತ ನಕ್ಕರು.

ಇನ್ನು ತಾರಸಿ. ಇಲ್ಲಿ ಮೇಸ್ತ್ರಿಯ ಭಾಷೆ ಮುಗಿದು ಇಂಜಿನಿಯರರ ಭಾಷೆ ಶುರುವಾಗುತ್ತದೆ, ಎರಡರ ನಡುವೆ ನಾನು. ನಕ್ಷೆಯಲ್ಲಿ '8 ಎಂಎಂ, 150 ಸಿ/ಸಿ' ಎಂದು ಇದ್ದರೆ ಮೇಸ್ತ್ರಿ ಕೂಗುವುದು "ಎಂಟರ ರಾಡು, ಆರಿಂಚಿಗೆ ಒಂದು". ಸಿ/ಸಿ ಎಂದರೆ ಒಂದು ಸರಳಿನ ನಡುವಿನಿಂದ ಇನ್ನೊಂದರ ನಡುವಿಗೆ. ಒಡಿಶಾದ ರಾಡು ಕಟ್ಟುವವರಿಗೆ ಇದು ಎರಡೂ ಅಲ್ಲ. 12 ಎಂಎಂ ಸರಳಿಗೆ ಅವರು 'ಚಾರ್ ಸೂತ್' ಅನ್ನುತ್ತಿದ್ದರು. ಒಂದು ಸೂತ್ ಎಂದರೆ ಇಂಚಿನ ಎಂಟನೇ ಒಂದು ಪಾಲು. ನಾಲ್ಕು ಸೂತ್ ಅರ್ಧ ಇಂಚು. ಬೀಮಿಗೆ ಸುತ್ತುವ ಚೌಕದ ಸರಳು ಎಲ್ಲರ ಬಾಯಲ್ಲೂ ರಿಂಗು, ಚೌಕವಾಗಿದ್ದರೂ ಸರಿ.

ಕಬ್ಬಿಣ ತೂಕದಲ್ಲಿ ಬರುತ್ತದೆ, ಬೇಕಾಗುವುದು ಉದ್ದದಲ್ಲಿ. ಇದಕ್ಕೆ ಇಂಜಿನಿಯರು ಒಂದು ಸೂತ್ರ ಕೊಟ್ಟರು, ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿದೆ. ಸರಳಿನ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ. 12 ಎಂಎಂಗೆ 144ನ್ನು 162ರಿಂದ ಭಾಗಿಸಿದರೆ 0.888 ಕಿಲೊ. ಒಂದು ಸರಳು 12 ಮೀಟರ್ ಉದ್ದ, ಅಂದರೆ ಹತ್ತೂವರೆ ಕಿಲೊಗಿಂತ ಸ್ವಲ್ಪ ಜಾಸ್ತಿ. ಸರಳು ಎಣಿಸಿ, ಗುಣಿಸಿ, ಬಿಲ್ಲಿನ ತೂಕಕ್ಕೆ ತಾಳೆ ನೋಡಿದೆ. ಸರಿ ಇತ್ತು. ಸರಿ ಇದ್ದದ್ದಕ್ಕೆ ಸ್ವಲ್ಪ ನಿರಾಸೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಸ್ಲ್ಯಾಬಿನ ಹಿಂದಿನ ದಿನ ಇಂಜಿನಿಯರು, "ಕವರ್ ಸರಿಯಾಗಿ ಉಂಟಾ ನೋಡಿ" ಎಂದು ಹೇಳಿ ಹೋದರು. ನಾನು ಟಾರ್ಪಾಲು ತರಿಸಿ ಇಟ್ಟೆ. ಮೋಡ ಇತ್ತು ನೋಡಿ. ಕವರ್ ಅದಲ್ಲ. ಸರಳಿಗೂ ಹೊರಗಿನ ಗಾಳಿಗೂ ನಡುವೆ ಇರುವ ಕಾಂಕ್ರೀಟಿನ ದಪ್ಪ. ಕೆಳಗೆ ಸಣ್ಣ ಸಿಮೆಂಟ್ ಬಿಲ್ಲೆ ಇಟ್ಟು ಸರಳನ್ನು ಎತ್ತಿ ನಿಲ್ಲಿಸುತ್ತಾರೆ. ಇಡದಿದ್ದರೆ ಸರಳು ಕೆಳಗಿನ ಅಚ್ಚಿನ ತಗಡಿಗೇ ತಾಗಿ ಕೂರುತ್ತದೆ, ತೇವ ತಾಗಿ ತುಕ್ಕು ಹಿಡಿಯುತ್ತದೆ, ಉಬ್ಬುತ್ತದೆ, ಕೆಲವು ವರ್ಷಕ್ಕೆ ಕಾಂಕ್ರೀಟು ಹಕ್ಕಳೆ ಎದ್ದು ತಲೆ ಮೇಲೆ ಬೀಳುತ್ತದೆ. ಪರ್ಕಳದಿಂದ ಮಲ್ಪೆ ಕಡಲು ದೂರವೇ. ಆದರೂ ಉಪ್ಪು ಗಾಳಿಯ ಊರು ಎಂದು ಅವರು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಸಾಧಾರಣ ಜಾಗಕ್ಕೆ ಹೇಳುವ ಕನಿಷ್ಠಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗಿ ಎಂ 25 ಕಾಂಕ್ರೀಟು ಬರೆದಿದ್ದರು. 28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೆಯಬೇಕು ಎಂದು ಅದರ ಅರ್ಥ.

ಸ್ಲ್ಯಾಬಿನ ದಿನ ಬೆಳಗ್ಗೆ ಏಳಕ್ಕೆ ಶುರು. ಕೆಳಗೆ ಸೆಂಟ್ರಿಂಗು, ಅಂದರೆ ಕಾಂಕ್ರೀಟನ್ನು ಎತ್ತಿ ಹಿಡಿಯುವ ತಗಡು, ಹಲಗೆ ಮತ್ತು ಊರುಗೋಲು. ಅರ್ಧ ಕಬ್ಬಿಣದ ಜ್ಯಾಕು, ಅರ್ಧ ಗಾಳಿಮರದ ಕಂಬ. ಮೇಲೆ ನಡೆಯುವವರ ಪಾದಕ್ಕೆ ಸರಳು ಬಾಗದ ಹಾಗೆ ಹಲಗೆ ಹಾಸಿದ್ದರು. ಮುಕ್ಕಾಲು ಇಂಚಿನ ಜಲ್ಲಿ, ಹೊಯ್ಗೆ, ಸಿಮೆಂಟು ಮಿಕ್ಸರಿನಲ್ಲಿ ತಿರುಗಿ ಲಿಫ್ಟಿನಲ್ಲಿ ಮೇಲೆ ಬರುತ್ತಿತ್ತು. ಒಬ್ಬ ಹುಡುಗ ವೈಬ್ರೇಟರಿನ ಸೊಂಡಿಲನ್ನು ಹಸಿ ಕಾಂಕ್ರೀಟಿಗೆ ತೂರಿಸುತ್ತಿದ್ದ. ತೂರಿಸಿದ ಕಡೆ ಗುಳು ಗುಳು ಎಂದು ಗುಳ್ಳೆ ಎದ್ದು ಒಡೆಯುತ್ತಿತ್ತು. ಒಳಗೆ ಸಿಕ್ಕಿಕೊಂಡ ಗಾಳಿ ಅದು. ಮಧ್ಯಾಹ್ನ ಅವನು ಊಟಕ್ಕೆ ಹೋದ ಅರ್ಧ ಗಂಟೆ ಆ ಸೊಂಡಿಲು ಸುಮ್ಮನೆ ಬಿದ್ದಿತ್ತು, ಕಾಂಕ್ರೀಟು ಮಾತ್ರ ಬೀಳುತ್ತಲೇ ಇತ್ತು. ನಾನು ನೋಡಿದೆ, ಹೇಳಲಿಲ್ಲ. ಎಲ್ಲದಕ್ಕೂ ಮೂಗು ತೂರಿಸುತ್ತಾರೆ ಅಂದುಕೊಂಡಾರು ಎಂದು.

ಮಾರನೇ ದಿನ ಸ್ಲ್ಯಾಬಿನ ಮೇಲೆ ಸಿಮೆಂಟಿನ ಸಣ್ಣ ಕಟ್ಟ ಕಟ್ಟಿ ನೀರು ನಿಲ್ಲಿಸಿದರು, ನಾಟಿಗೆ ಮೊದಲು ಗದ್ದೆ ಇರುತ್ತದಲ್ಲ, ಹಾಗೆ. "ಒಣಗಲಿಕ್ಕೆ ಬಿಡಬಾರದಾ?" ಅಂತ ಕೇಳಿದೆ.

"ಕಾಂಕ್ರೀಟು ಒಣಗುದಲ್ಲ ಸರ್, ಗಟ್ಟಿ ಆಗುದು. ಒಣಗಿದ್ರೆ ಹಾಳು."

ಈ ಒಂದು ಮಾತು ನನ್ನ ಇಡೀ ಪುಸ್ತಕದಲ್ಲೇ ಹೆಚ್ಚು ಬೆಲೆಯದ್ದು. ಸಿಮೆಂಟು ನೀರನ್ನು ಕುಡಿದು ಅದರ ಜೊತೆ ಸೇರಿಯೇ ಕಲ್ಲಾಗುತ್ತದೆ. ನೀರು ಬೇಗ ಹಾರಿಹೋದರೆ ಕಲ್ಲಾಗುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ ಕಮ್ಮಿಯೆಂದರೂ 10 ದಿನ ನೀರು ಬೇಕು. ನಾವು ಎರಡು ವಾರ ನಿಲ್ಲಿಸಿದೆವು. ನಾಲ್ಕನೇ ದಿನ ಎಲ್ಲಿಂದಲೋ ಒಂದು ಕಪ್ಪೆ ಬಂದು ವಾಸ ಹೂಡಿತು.

ಇಪ್ಪತ್ತೊಂದು ದಿನಕ್ಕೆ ಸೆಂಟ್ರಿಂಗು ಬಿಚ್ಚಿದರು. ಅಡುಗೆಮನೆಯ ಬೀಮಿನ ಕೆಳಗೆ ಒಂದು ಅಡಿಯಷ್ಟು ಜಾಗ ಜೇನುಗೂಡಿನ ಹಾಗೆ ತೂತು ತೂತು, ಒಳಗಿನ ರಿಂಗು ಕಾಣುತ್ತಿತ್ತು. ಆ ಊಟದ ಅರ್ಧ ಗಂಟೆ. ಇಂಜಿನಿಯರರ ಭಾಷೆಯಲ್ಲಿ ಹನಿಕೋಂಬ್, ಮೇಸ್ತ್ರಿಯ ಭಾಷೆಯಲ್ಲಿ "ಸ್ವಲ್ಪ ಗೂಡು ಬಿಟ್ಟಿದೆ". ನಾನು ಬರುವುದರೊಳಗೆ ಒಬ್ಬ ಹುಡುಗ ಮೇಲಿಂದ ಸಿಮೆಂಟು ಮೆತ್ತಿ ಮುಚ್ಚುತ್ತಿದ್ದ. ಈ ಸಲ ಬಾಯಿ ಬಿಟ್ಟೆ. ಇಂಜಿನಿಯರು ಬಂದು, ಮೆತ್ತಿದ್ದನ್ನೆಲ್ಲ ತೆಗೆಸಿ, ಸಡಿಲ ಜಲ್ಲಿ ಉದುರುವವರೆಗೆ ಉಳಿಯಲ್ಲಿ ಕೆತ್ತಿಸಿ, ತೊಳೆಸಿ, ಹೊಸ ಅಚ್ಚು ಕಟ್ಟಿ ಸಣ್ಣ ಜಲ್ಲಿಯ ಬಿಗಿ ಕಾಂಕ್ರೀಟು ತುಂಬಿಸಿದರು. ಮೇಸ್ತ್ರಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಅವರೇ ಪುಸ್ತಕ ಕೇಳಿದರು.

ಟೈಲ್ಸು, ಪೈಂಟು, ಕರೆಂಟಿನ ಕತೆ ಹೇಳುವಂಥದ್ದಲ್ಲ. ಅಲ್ಲಿ ಎಲ್ಲ ಇಂಗ್ಲಿಷೇ, ಊರೂರಿಗೆ ಒಂದೇ. ಹಣ ಹೋಯಿತು, ಮಾತು ಸಿಗಲಿಲ್ಲ.

ಮರುವರ್ಷ ಏಪ್ರಿಲಿನಲ್ಲಿ ಮನೆ ಒಕ್ಕಲು. ಗೃಹಪ್ರವೇಶಕ್ಕೆ ಇಲ್ಲಿ ಹಾಗನ್ನುತ್ತಾರೆ. ಅದೇ ಮಾತು ಬಾಯಿಗೆ ಬಂದು ದಾವಣಗೆರೆಯ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. "ಕಟ್ಟಿ ಮುಗಿಯೋದರೊಳಗೇ ಯಾರನ್ನೋ ಒಕ್ಕಲು ಇಟ್ಯಾ? ಬಾಡಿಗೆ ಎಷ್ಟು?" ಅಂದರು.

ಮೇ ಕೊನೆಯಲ್ಲಿ ಮೇಸ್ತ್ರಿ ಬಂದು ತಾರಸಿ ಹತ್ತಿ ಸುತ್ತ ನೋಡಿದರು. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ. ಬರೀ ತಾರಸಿಯನ್ನು ನಂಬಿ ಇಲ್ಲಿ ಯಾರೂ ಕೂರುವುದಿಲ್ಲ, ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ಶೀಟು ಹೊದೆಸುತ್ತಾರೆ. ಬಟ್ಟೆ ಒಣಗಿಸಲಿಕ್ಕೂ ಆಯಿತು, ತೆಂಗಿನಕಾಯಿ ಹಾಕಲಿಕ್ಕೂ ಆಯಿತು.

"ಶೀಟು ಹಾಕುವ ಅಲ್ವಾ ಸರ್? ನನ್ನ ಪರಿಚಯದವರು ಇದ್ದಾರೆ. ಸ್ಕ್ವೇರ್ ಫೀಟಿಗೆ ಇಷ್ಟು ಅಂತ ಹೇಳ್ತಾರೆ."

"ಅಳತೆ ಎಲ್ಲಿಯದ್ದು ಮೇಸ್ತ್ರಿ? ಕೆಳಗಿನ ತಾರಸಿಯದ್ದಾ, ಓರೆಯಲ್ಲಿ ಶೀಟಿನದ್ದಾ? ಓರೆಯದ್ದು ಜಾಸ್ತಿ ಬರ್ತದೆ. ಗೋಡೆಯಿಂದ ಹೊರಗೆ ಚಾಚುವ ಎರಡಡಿಯೂ ಸೇರ್ತದಾ? ಕಂಬ, ನೀರು ಹೋಗುವ ದಂಬೆ ಅದರೊಳಗೇ ಬರ್ತದಾ, ಬೇರೆಯಾ?"

ಮೇಸ್ತ್ರಿ ಬೀಡಿ ಹಚ್ಚಿಕೊಂಡರು. ಒಂದು ದಮ್ಮು ಎಳೆದು ತೋಡಿನ ಕಡೆ ನೋಡುತ್ತಾ, "ದಂಬೆ ಬೇರೆ" ಎಂದರು.